ಶಿಂಷೆಯ ದಾರಿಯಲ್ಲಿ ನಾಲ್ಕು ದಿನದ ಬಿಡಾರ

ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತ ಉಪಾಧ್ಯಾಯನಿಗೆ ಒಂದು ದೊಡ್ಡ ಕೊರತೆಯುಂಟು. ಮೂವತ್ತೈದು ವರ್ಷಗಳ ಕಾಲ ಅವನು ನುಡಿದುದೇ ಕೊನೆಯ ಮಾತಾಗಿದ್ದ ತರಗತಿಯು ಈಗ ಅವನ ಎದುರಿಗಿರುವುದಿಲ್ಲ. ಆದಕಾರಣ ಅವನು ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು ಇವರನ್ನೇ ವಿದ್ಯಾರ್ಥಿಗಳೆಂದು ಎಣಿಸಿ, ಊಟಕ್ಕೆ ಕುಳಿತ ಮಣೆಯನ್ನೇ ಉಪನ್ಯಾಸಪೀಠವನ್ನಾಗಿ ಮಾಡಿಕೊಳ್ಳುತ್ತಾನೆ. ನಾನೂ ಅಂಥವರಲ್ಲಿ ಒಬ್ಬನು. ಹೋದ ವರ್ಷ ದಸರೆಯ ರಜದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಮನೆಯ ಗೋಡೆಗಳನ್ನು ಬಿಟ್ಟು ಬಯಲಿನಲ್ಲಿ ಬಿಡಾರ ಮಾಡಿದಾಗ ನನ್ನ ಈ ಪೀಠವು ಹೇಗೆ ಅಲುಗಿತೆಂಬುದನ್ನು ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮದು ಕೋರ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಕಡೆಯ ಹೋಬಳಿ. ಇದೇ ಹೋಬಳಿಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವು ಎದ್ದು, ರಾಗಿಯ ಹೊಲಗಳ ಆಚೆ ರಾತ್ರಿಯೆಲ್ಲ ವಿದ್ಯುದ್ದೀಪಗಳು ಉರಿಯುತ್ತವೆ. ನಮಗೆ ಅಲ್ಲಿ ಪಿತ್ರಾರ್ಜಿತವಾದ ಎರಡು ಎಕರೆಯ ತೆಂಗಿನ ತೋಟವಿದೆ. ನೀರು ಮಾತ್ರ ಇಲ್ಲ. ನಿವೃತ್ತನಾದಾಗ ಬಂದ ಹಣದಲ್ಲಿ ನಾನು ಎರಡು ಕೊಳವೆಬಾವಿಗಳನ್ನು ಕೊರೆಯಿಸಿದೆನು. ಮೊದಲನೆಯದು ೬೫೦ ಅಡಿ. ಎರಡು ಬೇಸಗೆ ನೀರು ಕೊಟ್ಟು ಬತ್ತಿತು. ಎರಡನೆಯದು ೯೦೦ ಅಡಿ. ಅದರಿಂದ ಬಂದುದು ಬರಿಯ ಬಿಳಿಯ ಧೂಳು. ಇಷ್ಟಾದರೂ ನಾನು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ನೋಡುವವನೊಬ್ಬನನ್ನು ಕರೆಯಿಸಿ, ಮೂರನೆಯದಕ್ಕೆ ಜಾಗವನ್ನು ಗುರುತು ಮಾಡಿಸಿದ್ದೆನು.

ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ಮಗನು ಗೌರೀಹಬ್ಬಕ್ಕೆ ಬಂದವನು ಆ ಗುರುತಿನ ಗೂಟವನ್ನು ಕಂಡು, “ಅಪ್ಪ, ಒಳಗೆ ಇಲ್ಲದ ನೀರನ್ನು ಎಷ್ಟು ಆಳಕ್ಕೆ ಹೋದರೆ ತಾನೆ ತರುವುದಕ್ಕಾಗುತ್ತದೆ? ಬೀಳುವ ಮಳೆಯನ್ನು ಹಿಡಿಯೋಣ. ಒಂದು ಕೃಷಿಹೊಂಡ ತೋಡಿಸೋಣ” ಎಂದನು. ಸರ್ಕಾರದ ಕೃಷಿಭಾಗ್ಯ ಯೋಜನೆಯು ೨೦೧೪ರಲ್ಲಿ ಬಂದ ಮೇಲೆ ಕೃಷಿಹೊಂಡವೆಂಬುದು ನಮ್ಮ ಕಡೆಯ ರೈತರಿಗೆ ಹೊಸ ಮಾತಲ್ಲ. ಆದರೆ ಆ ಮಾತು ನನ್ನ ಮಗನ ಬಾಯಿಂದ ಬಂದಿತೆಂಬುದೇ ನನಗೆ ತಡೆಯಲಾರದ್ದಾಯಿತು. “ಗುಂಡಿ ತೋಡುವುದಕ್ಕೆ ಎಂಜಿನಿಯರಿಂಗ್ ಓದಬೇಕಾಗಿತ್ತೆ?” ಎಂದುಬಿಟ್ಟೆನು. ಅವನು ಮರುಮಾತನಾಡದೆ ಎದ್ದುಹೋದನು. ಅಂದಿನಿಂದ ನಮ್ಮಿಬ್ಬರ ಮಾತುಕತೆಯೆಲ್ಲವೂ ನನ್ನ ಹೆಂಡತಿಯ ಮುಖಾಂತರ ನಡೆಯುತ್ತಿದ್ದಿತು.

ಬಿಡಾರದ ಆಲೋಚನೆಯು ಹನ್ನೆರಡು ವರ್ಷದ ಮೊಮ್ಮಗನದು. ಅವನು ಮಡಿಸಿ ಚೀಲದಲ್ಲಿಡಬಹುದಾದ ಎರಡು ಗುಡಾರಗಳನ್ನು ತರಿಸಿಕೊಂಡು, “ತಾತ, ನಾಲ್ಕು ದಿನ ಎಲ್ಲರೂ ಕಾರಿನಲ್ಲಿ ಹೋಗೋಣ, ಹೊರಗೇ ಅಡಿಗೆ ಮಾಡೋಣ, ಹೊರಗೇ ಮಲಗೋಣ” ಎಂದನು. ಗುಡಾರಕ್ಕೆ ಸಂಸ್ಕೃತದಲ್ಲಿ ಪಟಕುಟೀ ಎಂದೂ ಸೇನೆಯ ಪಾಳೆಯಕ್ಕೆ ಸ್ಕಂಧಾವಾರವೆಂದೂ ಹೆಸರು ಎಂಬುದನ್ನು ನಾನು ವಿವರಿಸಲಾರಂಭಿಸಿದೆನೇ ಹೊರತು ಬರುವೆನೆಂದು ಹೇಳಲಿಲ್ಲ. ಆಗ ನನ್ನ ಹೆಂಡತಿಯು, “ಮೂವತ್ತು ವರ್ಷದಿಂದ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದೀರಿ. ಈಗ ಮೊಮ್ಮಗ ಕರೆಯುತ್ತಿದ್ದಾನೆ, ನಾನಂತೂ ಹೋಗುತ್ತೇನೆ” ಎಂದಳು. ಉಬ್ಬಸದ ರೋಗಿಯಾದ ಅವಳೇ ಹೊರಟ ಮೇಲೆ ನಾನು ಉಳಿಯುವಂತಿರಲಿಲ್ಲ. ದಾರಿಯನ್ನು ಗೊತ್ತುಮಾಡುವ ಅಧಿಕಾರವು ನನ್ನದಾಗಿರಬೇಕೆಂಬ ಕರಾರಿನ ಮೇಲೆ ಒಪ್ಪಿದೆನು. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿಯ ಜಾಡನ್ನು ಹಿಡಿದು, ಗುಬ್ಬಿ ಕುಣಿಗಲು ಸೀಮೆಗಳ ಮೂಲಕ ಮಾರ್ಕೋನಹಳ್ಳಿಯ ಅಣೆಕಟ್ಟಿನವರೆಗೆ ಹೋಗಿಬರುವುದೆಂದು ನಿಶ್ಚಯವಾಯಿತು.

ಬಯಲಿನಲ್ಲಿ ಬಿಡಾರ ಮಾಡುವುದು ಹೊಸ ಕಾಲದ ಶೋಕಿಯೆಂದು ಕೆಲವರು ತಿಳಿಯುವುದುಂಟು. ನನ್ನ ಬಾಲ್ಯದಲ್ಲಿ ಶಿವರಾತ್ರಿಯ ಸಮಯಕ್ಕೆ ಸಿದ್ಧಗಂಗೆಯ ದನಗಳ ಜಾತ್ರೆಗೆ ನಮ್ಮ ತಂದೆಯವರು ಬಂಡಿ ಕಟ್ಟುತ್ತಿದ್ದರು. ರಾತ್ರಿ ಕೋರವನ್ನು ಬಿಟ್ಟರೆ ಬೆಳಗಿನ ಹೊತ್ತಿಗೆ ಸಿದ್ಧಗಂಗೆ. ಅಲ್ಲಿ ಮೂರು ಕಲ್ಲಿನ ಒಲೆ, ಬಂಡಿಯ ಕೆಳಗೆ ಹುಲ್ಲಿನ ಹಾಸಿಗೆ, ತಲೆಯ ಹತ್ತಿರವೇ ಎತ್ತುಗಳ ಮೆಲುಕಿನ ಸದ್ದು. ನೂರ ಹನ್ನೊಂದು ವರ್ಷ ಬಾಳಿ ೨೦೧೯ರಲ್ಲಿ ಶಿವೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳನ್ನು ನಾನು ಮೊದಲು ಕಂಡುದು ಅಂಥ ಒಂದು ಜಾತ್ರೆಯಲ್ಲಿಯೇ. ಬಂಡಿಗೆ ಸಾಮಾನು ಹೇರುವಾಗ ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂಭಾರವಾದರೆ ನೊಗವೇ ಮೇಲಕ್ಕೇಳುತ್ತದೆ ಎಂದು ತಂದೆಯವರು ಹೇಳುತ್ತಿದ್ದರು. ಸಂಸಾರದಲ್ಲಿ ಭಾರವೆಲ್ಲವೂ ಒಬ್ಬನ ಕಡೆಗೇ ಬೀಳಬಾರದೆಂಬ ಅರ್ಥವೂ ಆ ಮಾತಿಗುಂಟೆಂದು ಆಗ ನನಗೆ ಹೊಳೆದಿರಲಿಲ್ಲ.

ನಾವು ಆರು ಜನ. ರಾಗಿಹಿಟ್ಟು, ಅಕ್ಕಿ, ಹುರುಳಿಕಾಳು, ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಒಂದು ಸಣ್ಣ ಗ್ಯಾಸಿನ ಒಲೆ, ಎರಡು ಪಾತ್ರೆ, ಎರಡು ಕೊಡ ನೀರು, ಹಾಸಿಗೆ ಹೊದಿಕೆ ಇವಿಷ್ಟೇ ಎಂದು ಗೊತ್ತಾಗಿದ್ದಿತು. ನಾನು ಅದರ ಮೇಲೆ ಏಳು ಪುಸ್ತಕಗಳನ್ನು ಇರಿಸಿದೆನು, ಒಂದನ್ನೂ ತೆರೆಯಲಿಲ್ಲ. ಸೊಸೆಯು ಅತ್ತೆಯ ಔಷಧಿಗಳನ್ನು ಎರಡೆರಡು ಕಡೆ ಇಡುತ್ತಿದ್ದಳು: ಒಂದು ದೊಡ್ಡ ಚೀಲದಲ್ಲಿ, ಮತ್ತೊಂದು ತನ್ನ ಕೈಚೀಲದಲ್ಲಿ. “ನಾವು ಹೋಗುತ್ತಿರುವುದು ಹಿಮಾಲಯಕ್ಕಲ್ಲ, ಗುಬ್ಬಿಗೆ” ಎಂದು ನಾನು ಹಾಸ್ಯ ಮಾಡಿದೆನು. ಅವಳು ನಕ್ಕಳು, ಆದರೆ ಕೈಚೀಲದಿಂದ ಔಷಧಿಯನ್ನು ತೆಗೆಯಲಿಲ್ಲ.

ಮೊದಲನೆಯ ದಿನ ದೇವರಾಯನದುರ್ಗ. ಸುಮಾರು ನಾಲ್ಕು ಸಾವಿರ ಅಡಿ ಎತ್ತರದ ಈ ಬೆಟ್ಟಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ ಈ ಹೆಸರು ಬಂದುದು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಬುಡದ ಕಾಡಿನಲ್ಲಿರುವ ನಾಮದ ಚಿಲುಮೆಯಲ್ಲಿ ಶ್ರೀರಾಮನು ಹಣೆಗೆ ನಾಮವಿಡಲು ನೀರು ದೊರೆಯದೆ ಬಾಣದಿಂದ ಬಂಡೆಯನ್ನು ಭೇದಿಸಿದನೆಂದು ಐತಿಹ್ಯವಿದೆ. ಬಂಡೆಯ ಆ ಸಣ್ಣ ಕುಳಿಯಲ್ಲಿ ತಣ್ಣಗಿನ ನೀರು ನಿಂತಿರುವುದನ್ನು ಮಕ್ಕಳು ಬಹಳ ಹೊತ್ತು ನೋಡಿದರು. ಒಂದೇ ಬೆಟ್ಟದ ಸಾಲಿನಿಂದ ಜಯಮಂಗಲಿಯು ಹೊರಟು ಬಡಗಲಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆಯು ಹೊರಟು ತೆಂಕಲಾಗಿ ಮದ್ದೂರಿನ ಮೇಲೆ ಹರಿದು ಕಾವೇರಿಯನ್ನು ಸೇರುತ್ತದೆ. ಒಂದು ಮನೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಎರಡು ದಿಕ್ಕಿನ ಮನೆಗಳನ್ನು ಬೆಳಗಿದಂತೆ ಎಂದು ನಾನು ಹೇಳಿದಾಗ, ಎಂಟು ವರ್ಷದ ಮೊಮ್ಮಗಳು, “ಅವರು ಆಮೇಲೆ ಜಗಳ ಆಡಿ ಬೇರೆ ಹೋದರಾ ತಾತ?” ಎಂದು ಕೇಳಿದಳು. ಮುಂದೆ ಕುಳಿತು ಕಾರನ್ನು ನಡೆಸುತ್ತಿದ್ದ ಮಗನ ಹೆಗಲು ಸ್ವಲ್ಪ ಅಲುಗಿತು. ನಕ್ಕನೋ ಏನೋ ತಿಳಿಯದು.

ಆ ರಾತ್ರಿ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೊಲದಲ್ಲಿ ಬಿಡಾರ. ಕಾಡಿನೊಳಗೆ ಅಪ್ಪಣೆಯಿಲ್ಲದೆ ಗುಡಾರ ಹೂಡುವುದು ತಪ್ಪು. ಮೃಗಗಳಿಗೂ ತೊಂದರೆ, ಮನುಷ್ಯರಿಗೂ ಅಪಾಯ. ಆದುದರಿಂದ ಎಲ್ಲಿಯಾದರೂ ಹೊಲದ ಒಡೆಯನನ್ನು ಕೇಳಿಕೊಂಡೇ ಇಳಿಯುವುದೆಂದು ನಿಯಮ ಮಾಡಿಕೊಂಡಿದ್ದೆವು. ಮುದ್ದೆ, ಹುರುಳಿಕಾಳಿನ ಸಾರು. ಮನೆಯಲ್ಲಿ ತಟ್ಟೆಯನ್ನು ಕೂಡ ಎತ್ತದ ಮೊಮ್ಮಗನು ಪಾತ್ರೆ ಬೆಳಗಿದನು. ನೀರು ಎರಡೇ ಕೊಡವಾದುದರಿಂದ ಬೂದಿಯಿಂದ ಉಜ್ಜಿ ಒಂದೇ ಚೊಂಬಿನಲ್ಲಿ ತೊಳೆದನು. ಮನೆಯಲ್ಲಿ ನಲ್ಲಿಯ ಕೆಳಗೆ ಎಷ್ಟು ನೀರು ವ್ಯರ್ಥವಾಗಿ ಹರಿಯುತ್ತದೆಂಬುದನ್ನು ನಾವು ಲೆಕ್ಕ ಮಾಡಿದುದು ಅಂದೇ ಮೊದಲು.

ಮರುದಿನ ಕ್ಯಾತ್ಸಂದ್ರದಲ್ಲಿ ಹೆಸರಾದ ತಟ್ಟೆ ಇಡ್ಲಿಯನ್ನು ತಿಂದು, ಗೂಳೂರಿನ ಹತ್ತಿರದ ಕೈದಾಳಕ್ಕೆ ಹೋದೆವು. ಅಲ್ಲಿಯ ಚೆನ್ನಕೇಶವನ ಗುಡಿಯು ಹೊಯ್ಸಳ ಒಂದನೆಯ ನರಸಿಂಹನ ಕಾಲದ್ದು, ಎಂದರೆ ಹನ್ನೆರಡನೆಯ ಶತಮಾನದ ನಡುವಿನದು. ಈ ಊರಿನ ಕಥೆಯು ಕನ್ನಡಿಗರಿಗೆಲ್ಲ ಗೊತ್ತಿರುವುದೇ. ಕ್ರೀಡಾಪುರವೆಂಬ ಇದೇ ಊರಿನವನಾದ ಜಕಣಾಚಾರಿಯು ಮನೆಯನ್ನು ಬಿಟ್ಟು ಹೋಗಿ ಬೇಲೂರಿನಲ್ಲಿ ಮಹಾಶಿಲ್ಪಿಯಾಗಿ ಮೆರೆಯುತ್ತಿದ್ದಾಗ, ಯುವಕನೊಬ್ಬನು ಬಂದು, ಕೇಶವನ ಮೂರ್ತಿಗೆ ಆರಿಸಿದ ಶಿಲೆಯಲ್ಲಿ ದೋಷವಿದೆಯೆಂದನು. ದೋಷವಿದ್ದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣನು ಪಣತೊಟ್ಟನು. ಮೂರ್ತಿಗೆ ಗಂಧವನ್ನು ಬಳಿದಾಗ ಹೊಕ್ಕುಳಿನ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟರೆ ನೀರೂ ಮರಳೂ ಒಂದು ಕಪ್ಪೆಯೂ ಹೊರಬಂದುವು. ಜಕಣನು ಕೈಯನ್ನು ಕಡಿದುಕೊಂಡನು. ಆ ಯುವಕನು ಅವನ ಮಗನೇ ಆದ ಡಂಕಣನೆಂದು ಆಮೇಲೆ ತಿಳಿಯಿತು. ಹುಟ್ಟೂರಿನಲ್ಲಿ ಕೇಶವನ ಗುಡಿಯನ್ನು ಕಟ್ಟಿದಾಗ ಹೋದ ಕೈ ಮರಳಿ ಬಂದಿತು, ಊರು ಕೈದಾಳವಾಯಿತು. ಜಕಣಾಚಾರಿಯು ಚಾರಿತ್ರಿಕ ವ್ಯಕ್ತಿಯೆಂಬುದಕ್ಕೆ ಹೊಯ್ಸಳರ ಶಾಸನಗಳ ಆಧಾರವಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಕಥೆಯಾದರೋ ಶಾಸನವನ್ನು ಕಾಯದೆ ಬದುಕಿಕೊಂಡಿದೆ.

ನಾನು ಇದನ್ನೆಲ್ಲ ಗುಡಿಯ ಕಂಬಕ್ಕೆ ಒರಗಿ ಅಭಿನಯಸಹಿತವಾಗಿ ಹೇಳಿ ಮುಗಿಸಿದೆನು. ಮೊಮ್ಮಗಳು ಸ್ವಲ್ಪ ಹೊತ್ತು ಯೋಚಿಸಿ, “ತಾತ, ಆ ಅಪ್ಪ ಕೈ ಯಾಕೆ ಕಡಿದುಕೊಂಡ? ‘ಮಗೂ, ನೀನು ಹೇಳಿದ್ದು ಸರಿ’ ಅಂದಿದ್ದರೆ ಸಾಕಾಗಿತ್ತಲ್ಲ?” ಎಂದಳು.

“ಕಥೆಗೆ ಹಾಗೆಲ್ಲ ಅಡ್ಡಪ್ರಶ್ನೆ ಹಾಕಬಾರದು” ಎಂದು ನಾನು ಎದ್ದೆನು.

ಅಲ್ಲಿಂದ ಗುಬ್ಬಿ. ಚನ್ನಬಸವೇಶ್ವರನ ದರ್ಶನವಾದ ಮೇಲೆ ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದೆವು. ಬಿಡಾರವೆಂಬುದನ್ನೇ ಬದುಕನ್ನಾಗಿ ಮಾಡಿಕೊಂಡ ದೊಡ್ಡ ಸಂಸಾರವೊಂದು ಈ ಊರಿನಿಂದಲೇ ಹೊರಟಿತು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು, ಮುಂದೆ ಗುಬ್ಬಿ ವೀರಣ್ಣನವರ (೧೮೯೧–೧೯೭೨) ಯಾಜಮಾನ್ಯದಲ್ಲಿ, ಊರಿಂದೂರಿಗೆ ಕ್ಯಾಂಪು ಹಾಕುತ್ತ, ಪರದೆ, ಪೆಟ್ಟಿಗೆ, ಅಡಿಗೆಯ ಪಾತ್ರೆ, ಹೆಂಗಸರು, ಮಕ್ಕಳು, ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳ ಸಮೇತ ನಾಡನ್ನೆಲ್ಲ ಸುತ್ತಿತು. ರಾಜಕುಮಾರ್, ನರಸಿಂಹರಾಜು, ಬಿ. ವಿ. ಕಾರಂತ ಮೊದಲಾದವರು ಎಳೆಯ ವಯಸ್ಸಿನಲ್ಲಿ ಆ ಕಂಪನಿಯ ಅನ್ನವನ್ನು ಉಂಡು ಪಳಗಿದವರು. ತಾನು ರಾಜಪಾರ್ಟನ್ನು ಹಿಡಿದು ಬಿಡದೆ ಕುಳಿತಿದ್ದರೆ ಯಜಮಾನನಿಂದ ಇಂಥವರು ಬೆಳೆಯುತ್ತಿದ್ದರೆ? ಇದನ್ನು ನಾನು ಮಕ್ಕಳಿಗೆ ಹೇಳಿದೆನೇ ಹೊರತು ನನಗೆ ಹೇಳಿಕೊಳ್ಳಲಿಲ್ಲ.

ಸಾಯಂಕಾಲ ಕಡಬಕ್ಕೆ ಬಂದೆವು. ಗುಬ್ಬಿ ತಾಲ್ಲೂಕಿನ ಈ ಊರಿನಲ್ಲಿ ಶಿಂಷೆಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ದೊಡ್ಡ ಕೆರೆಯನ್ನು ಮಾಡಿದ್ದಾರೆ. ರಾಮನು ಲಂಕೆಯಿಂದ ಹಿಂದಿರುಗುವಾಗ ಸೀತೆಯೊಡನೆ ಇಲ್ಲಿ ಬಿಡಾರ ಮಾಡಿದ್ದನೆಂದೂ ಅವಳ ಬಯಕೆಯಂತೆ ಈ ಕೆರೆಯನ್ನು ಕಟ್ಟಿಸಿದನೆಂದೂ ಸ್ಥಳದ ಕಥೆ. ಕೆರೆಯ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಹೋಗುತ್ತಿದ್ದುವು. ಮೂಡಲಲ್ಲಿ ಮೋಡವು ಕಪ್ಪಾಗುತ್ತಿದ್ದಿತು. ಊರಿನ ಹೊರಗೆ ತೆಂಗಿನ ತೋಟವೊಂದರ ಒಡೆಯನು, ನಮ್ಮನ್ನು ಹಿಂದೆ ಎಂದೂ ಕಾಣದವನು, ಕೇಳಿದೊಡನೆ ಇಳಿದುಕೊಳ್ಳಲು ಜಾಗ ಕೊಟ್ಟನು.

ನಾನು ತೋಟದ ನಡುವೆ, ಮರಗಳ ಸಾಲಿನ ಮಧ್ಯೆ ಸ್ವಲ್ಪ ತಗ್ಗಾಗಿ ಮರಳು ಮರಳಾಗಿದ್ದ ಸ್ಥಳವನ್ನು ಆರಿಸಿದೆನು. ಮಗನು ಮೂರು ದಿನದಲ್ಲಿ ಮೊದಲ ಬಾರಿಗೆ ನನ್ನೊಡನೆ ನೇರವಾಗಿ ಮಾತನಾಡಿ, “ಅಪ್ಪ, ಇದು ತಗ್ಗು. ರಾತ್ರಿ ಮಳೆ ಬರಬಹುದು” ಎಂದನು. ತೋಟದವನ ತಾಯಿ, ಎಂಬತ್ತರ ಆಸುಪಾಸಿನ ಮುದುಕಿ, ಕೋಲೂರಿಕೊಂಡು ಬಂದು, “ಸ್ವಾಮಿ, ಅಲ್ಲಿ ಬ್ಯಾಡಿ. ಅದು ನೀರು ಹರಿಯೋ ಜಾಗ. ಮರದಿಂದ ಗರಿನೂ ಬೀಳ್ತವೆ. ಮೇಲ್ಗಡೆ ಕಣ ಐತೆ, ಅಲ್ಲಿ ಹಾಕ್ಕಳಿ” ಎಂದಳು. ಅವಳೊಬ್ಬಳೇ ಹೇಳಿದ್ದರೆ ಕೇಳುತ್ತಿದ್ದೆನೇನೋ. ಮಗನು ಮೊದಲು ಹೇಳಿಬಿಟ್ಟಿದ್ದನು. ಇನ್ನು ಒಪ್ಪಿದರೆ ಅವನ ಮಾತನ್ನು ಒಪ್ಪಿದಂತಾಗುತ್ತಿದ್ದಿತು. “ಮೆತ್ತಗಿನ ನೆಲ, ಗಾಳಿಗೆ ಮರೆ, ಇಲ್ಲಿಯೇ ಆಗಲಿ” ಎಂದೆನು. ಹಿರಿಯನ ಮಾತೆಂದು ಎಲ್ಲರೂ ಸುಮ್ಮನಾದರು.

ನಡುರಾತ್ರಿ ದಾಟಿದ ಮೇಲೆ ಮಳೆ ಬಂದಿತು. ಮೊದಲು ಗುಡಾರದ ಮೇಲೆ ಹನಿಯ ಸದ್ದು. ಅರ್ಧ ಗಂಟೆಯೊಳಗೆ ಬೆನ್ನಿನ ಕೆಳಗೆ ತಣ್ಣಗೆ ಹರಿಯುವ ನೀರು. ಕತ್ತಲಲ್ಲಿ ನನ್ನ ಹೆಂಡತಿಯ ಉಸಿರು ಸುಯ್ಯೆಂದು ಎಳೆಯತೊಡಗಿತು. ಔಷಧಿಯಿದ್ದ ದೊಡ್ಡ ಚೀಲಕ್ಕೆ ಕೈಹಾಕಿದರೆ ಅದು ನೀರಿನಲ್ಲಿ ನೆನೆದು ಮುದ್ದೆಯಾಗಿದ್ದಿತು. ಮಗನು ಎರಡು ಕಂಕುಳಲ್ಲಿ ಇಬ್ಬರು ಮಕ್ಕಳನ್ನೂ ಎತ್ತಿಕೊಂಡು ಕಣದ ಕಡೆಗೆ ಓಡಿದನು. ಹಿಂದಿರುಗಿ ಬಂದು ತಾಯಿಯನ್ನು ಎತ್ತಿಕೊಂಡನು. ನಾನು ಸೊಸೆಯ ಕೈಹಿಡಿದು ಕೆಸರಿನಲ್ಲಿ ನಡೆದೆನು. ನಾವು ಕಣವನ್ನು ಸೇರಿದ ಸ್ವಲ್ಪ ಹೊತ್ತಿಗೆಲ್ಲ ಕೆಳಗೆ ಧಡ್ ಎಂದು ಶಬ್ದವಾಯಿತು. ಬೆಳಿಗ್ಗೆ ನೋಡಿದಾಗ ತಿಳಿಯಿತು: ಒಣಗಿದ ಗರಿಯೊಂದು ಮಟ್ಟೆಯ ಸಮೇತ ಬಿದ್ದು, ಮಕ್ಕಳು ಮಲಗಿದ್ದ ಗುಡಾರದ ಕೋಲನ್ನು ಮುರಿದಿತ್ತು.

ತೋಟದವನು ದೀಪ ಹಿಡಿದು ಬಂದು ನಮ್ಮನ್ನು ತನ್ನ ಮನೆಯ ಜಗಲಿಗೆ ಕರೆದುಕೊಂಡು ಹೋದನು. ಸೊಸೆಯ ಕೈಚೀಲದಲ್ಲಿ ಒಣಗಿದ ಔಷಧಿಯಿದ್ದಿತು, ನಾನು ಹಾಸ್ಯ ಮಾಡಿದ್ದ ಆ ಎರಡನೆಯ ಔಷಧಿ. ಅದನ್ನು ಎಳೆದುಕೊಂಡ ಕಾಲು ಗಂಟೆಯ ಮೇಲೆ ನನ್ನ ಹೆಂಡತಿಯ ಉಸಿರು ಹದಕ್ಕೆ ಬಂದಿತು. ಮುದುಕಿಯು ಎಲ್ಲರಿಗೂ ಬಿಸಿಬಿಸಿಯಾದ ರಾಗಿ ಅಂಬಲಿಯನ್ನು ಕೊಟ್ಟಳು. ಅತಿಥಿಯೆಂದರೆ ತಿಥಿಯನ್ನು ಗೊತ್ತುಮಾಡಿಕೊಳ್ಳದೆ ಬರುವವನೆಂದು ನಾನು ಎಷ್ಟು ಸಲ ಪಾಠ ಹೇಳಿದ್ದೆನೋ! ಆ ಅರ್ಧರಾತ್ರಿಯಲ್ಲಿ ಅಂಬಲಿಯ ಲೋಟವನ್ನು ಹಿಡಿದು ಕುಳಿತಾಗ, ಅತಿಥಿಯೆಂಬುದು ಶಬ್ದವಲ್ಲ, ಒಂದು ಋಣವೆಂದು ತಿಳಿಯಿತು.

ಆ ಮುದುಕಿಯೇ ಮಾತಿಗೆ ಮಾತು ಬಂದು ಹೇಳಿದಳು: “ಕೆರೆ ತುಂಬಿದ ವರ್ಷ ನಮ್ಮ ಬಾವಿ ತಾನಾಗಿ ಮೇಲಕ್ಕೆ ಬತ್ತದೆ ಸ್ವಾಮಿ. ಕೆರೆ ಬತ್ತಿದ ವರ್ಷ ಪಾತಾಳಕ್ಕೆ ತೋಡಿದರೂ ಇಲ್ಲ.” ನಮ್ಮ ಸೀಮೆಯ ನೆಲದೊಳಗಿರುವುದು ಗಟ್ಟಿ ಕಲ್ಲು, ನೀರು ನಿಲ್ಲುವುದು ಮೇಲಿನ ಸಡಿಲ ಮಣ್ಣಿನಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ಮಾತ್ರ. ಮೇಲಿನಿಂದ ಇಳಿಯದಿದ್ದರೆ ಕೆಳಗೆ ಇರುವುದಿಲ್ಲ. ಇದನ್ನು ಮಗನು ಗೌರೀಹಬ್ಬದ ದಿನವೇ ಹೇಳಿದ್ದನು. ಅಂದು ಕೇಳಿಸದಿದ್ದುದು ಈಗ ಜಗಲಿಯ ಮೇಲೆ ಕೇಳಿಸಿತು. ಅವನು ನನ್ನನ್ನು ಒಂದು ಮಾತೂ ಆಡಲಿಲ್ಲ. ತನ್ನ ಒಣಗಿದ ಶಾಲನ್ನು ನನಗೆ ಹೊದಿಸಿ ಆಚೆ ಹೋಗಿ ಕುಳಿತನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಲ್ಲಿನೊಳಗಿನ ಕಪ್ಪೆಯೇ ಕಣ್ಣಿನ ಮುಂದೆ ಕುಳಿತಿತ್ತು. ಕೂಪಮಂಡೂಕಕ್ಕಾದರೂ ಬಾವಿಯಷ್ಟು ಲೋಕವಿರುತ್ತದೆ. ಕಲ್ಲಿನೊಳಗಿನ ಕಪ್ಪೆಗೆ ಅದೂ ಇಲ್ಲ.

ಮೂರನೆಯ ದಿನ ಒದ್ದೆ ಬಟ್ಟೆಗಳನ್ನು ಕಾರಿನ ಕಿಟಕಿಗಳಿಗೆ ಕಟ್ಟಿಕೊಂಡು ಒಳದಾರಿಗಳಲ್ಲಿ ಕುಣಿಗಲಿಗೆ ಬಂದೆವು. ಜನಪದರು ಹಾಡಿ ಹೊಗಳಿರುವ ಕುಣಿಗಲಿನ ದೊಡ್ಡಕೆರೆಯನ್ನೂ, ಟಿಪ್ಪುಸುಲ್ತಾನನ ಕಾಲದಿಂದ ಹೆಸರಾದ ಕುದುರೆಯ ಫಾರಮನ್ನೂ ಹೊರಗಿನಿಂದಲೇ ನೋಡಿ ಮುಂದೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮಾರ್ಕೋನಹಳ್ಳಿಯನ್ನು ಮುಟ್ಟಿದೆವು. ಬೆಟ್ಟದ ಮೇಲೆ ಎಳೆಯಾಗಿ ಹೊರಟ ಶಿಂಷೆಯು ಇಲ್ಲಿ ದೊಡ್ಡ ಜಲಾಶಯವಾಗಿ ನಿಂತಿದೆ. ನಡುವೆ ಕಲ್ಲಿನ ಕಟ್ಟೆ, ಎರಡು ಕಡೆಗೂ ಮಣ್ಣಿನ ಏರಿ. ಮೈಸೂರು ಅರಸರ ಕಾಲದ ಈ ಅಣೆಕಟ್ಟಿನಲ್ಲಿ ಹೆಚ್ಚಿನ ನೀರನ್ನು ಹೊರಕ್ಕೆ ಬಿಡಲು, ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸ್ವಯಂಚಾಲಿತವಾದ ಸೈಫನ್ನುಗಳಿವೆ.

ನಾವು ಹೋದ ದಿನ ಅವು ಹರಿಯುತ್ತಿರಲಿಲ್ಲ. ಮೊಮ್ಮಗನು ಅವು ಹೇಗೆ ಕೆಲಸ ಮಾಡುತ್ತವೆಂದು ನನ್ನನ್ನು ಕೇಳಿದನು. ನಾಲಗೆಯ ತುದಿಗೆ ಏನೋ ಉತ್ತರ ಬಂದಿತು, ನುಂಗಿಕೊಂಡೆನು. “ನನಗೆ ಗೊತ್ತಿಲ್ಲ. ನಿಮ್ಮ ಅಪ್ಪನನ್ನು ಕೇಳು. ನಾನೂ ಕೇಳುತ್ತೇನೆ” ಎಂದು ಕಟ್ಟೆಯ ಮೇಲೆ ಮೊಮ್ಮಕ್ಕಳ ಸಾಲಿನಲ್ಲಿ ಕುಳಿತೆನು.

ಮಗನು ಒಂದು ಕ್ಷಣ ನನ್ನ ಮುಖವನ್ನು ನೋಡಿದನು. ಆಮೇಲೆ ಕೊಡ, ಪಾತ್ರೆ, ಒಂದು ರಬ್ಬರಿನ ಕೊಳವೆ ಇವನ್ನು ತಂದು, ಮೊದಲು ಸಾಧಾರಣವಾದ ಸೈಫನ್ನನ್ನು ಮಾಡಿ ತೋರಿಸಿದನು. ಕೊಳವೆಯಲ್ಲಿ ಗಾಳಿಯಿರುವವರೆಗೆ ನೀರು ದಾಟುವುದಿಲ್ಲ. ಗಾಳಿ ಹೋದೊಡನೆ ತಾನಾಗಿ ಹರಿಯುತ್ತದೆ. ಬಳಿಕ ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರವನ್ನು ಬರೆದನು: ನೆಟ್ಟಗೆ ನಿಂತ ದಪ್ಪ ಕೊಳವೆ, ಅದರ ಬಾಯಿ ಆಲಿಕೆಯಂತೆ ಅಗಲ, ಬಾಯಿಯ ಒಳಗೆ ಶಂಖದ ಸುತ್ತಿನಂತೆ ತಿರುಚಿದ ಅಲಗುಗಳು, ಮೇಲೊಂದು ಮುಚ್ಚಳದಂತಹ ಗುಮ್ಮಟ. ಜಲಾಶಯವು ತುಂಬಿ ನೀರು ಅಂಚನ್ನು ಮೀರಿದೊಡನೆ ಆ ಅಲಗುಗಳ ಮೇಲೆ ಸುತ್ತುತ್ತ ಇಳಿಯುತ್ತದೆ. ಆ ಸುಳಿಯು ಗುಮ್ಮಟದೊಳಗಿನ ಗಾಳಿಯನ್ನು ಸೆಳೆದುಕೊಂಡು ಹೋಗುತ್ತದೆ. ಗಾಳಿ ಬರಿದಾದಾಗ ಕೊಳವೆ ತುಂಬಿ ಭೋರೆಂದು ಹರಿಯುತ್ತದೆ. ಮಟ್ಟವು ಇಳಿದಾಗ ಗಾಳಿಯು ಒಳಹೊಕ್ಕು ಹರಿವು ತಾನಾಗಿ ನಿಲ್ಲುತ್ತದೆ. ಬಾಗಿಲೆತ್ತುವ ಆಳು ಬೇಡ, ಯಂತ್ರ ಬೇಡ, ಅಪ್ಪಣೆ ಬೇಡ.

ನಾನು ಎರಡು ಪ್ರಶ್ನೆಗಳನ್ನು ಕೇಳಿದೆನು. ಎರಡಕ್ಕೂ ಅವನು ಸಾವಧಾನವಾಗಿ ಉತ್ತರ ಹೇಳಿದನು. ಅವನು ಇಷ್ಟು ಚೆನ್ನಾಗಿ ಪಾಠ ಹೇಳಬಲ್ಲನೆಂಬುದು ನಲವತ್ತರ ಸಮೀಪಕ್ಕೆ ಬಂದ ಮಗನ ವಿಷಯದಲ್ಲಿ ನನಗೆ ಅಂದು ತಿಳಿದ ಹೊಸ ಸಂಗತಿ. ಪಾಠ ಮುಗಿದ ಮೇಲೆ ನಾನು, “ನೀನು ಹೇಳಿದ್ದು ಸರಿ” ಎಂದೆನು.

“ಯಾವುದು ಅಪ್ಪ? ಸೈಫನ್ನೇ?”

“ನಿನ್ನೆ ರಾತ್ರಿಯ ಜಾಗದ ವಿಷಯ. ಹೊಂಡದ ವಿಷಯವೂ.”

ಅವನು ಕೊಳವೆಯನ್ನು ಸುತ್ತುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಫಿ ಕಾಯಿಸೋಣವೇ?” ಎಂದನು. ನ್ಯಾಯವಾಗಿ ಅಲ್ಲಿಯೇ ಏನಾದರೂ ದೊಡ್ಡ ಮಾತು ನಡೆಯಬೇಕಾಗಿದ್ದಿತು, ನಡೆಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಒಲೆ ಹಚ್ಚಿದೆನು, ಅವನು ಹಾಲು ಕಾಯಿಸಿದನು. ನನ್ನ ಹೆಂಡತಿಯು ದೂರದಿಂದ ನೋಡುತ್ತಿದ್ದವಳು, “ಇನ್ನು ಮೇಲೆ ನನಗೆ ಟಪಾಲಿನ ಕೆಲಸವಿಲ್ಲ” ಎಂದಳು.

ಗುಡಾರಗಳು ಇನ್ನೂ ಆರಿರಲಿಲ್ಲ. ಆ ರಾತ್ರಿ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ಸನ್ನಿಧಿಯ ಛತ್ರದಲ್ಲಿ ಮಲಗಿದೆವು. ನಾಲ್ಕನೆಯ ದಿನ ಮಧ್ಯಾಹ್ನ ಕೋರವನ್ನು ಸೇರಿದೆವು. ಮರುದಿನ ನಾನೇ ಹೋಗಿ ಮೂರನೆಯ ಕೊಳವೆಬಾವಿಯ ಗೂಟವನ್ನು ಕಿತ್ತು ಸೌದೆಗೆ ಹಾಕಿದೆನು. ತೋಟದ ಲೆಕ್ಕದ ಪುಸ್ತಕವನ್ನು ಮಗನ ಕೈಗೆ ಕೊಟ್ಟೆನು. ಮಾಘಮಾಸದಲ್ಲಿ ತೋಟದ ತಗ್ಗಿನ ಮೂಲೆಯಲ್ಲಿ ಹೊಂಡವು ಸಿದ್ಧವಾಯಿತು. ಸುತ್ತ ಬೇಲಿ ಹಾಕಿಸಬೇಕೆಂದು ಮೊಮ್ಮಕ್ಕಳನ್ನು ನೆನೆದು ಹೇಳಿದವಳು ಸೊಸೆ. ಈ ವರ್ಷದ ಮುಂಗಾರಿನಲ್ಲಿ ಅದು ಅರ್ಧ ತುಂಬಿದೆ. ಬತ್ತಿದ ಮೊದಲನೆಯ ಕೊಳವೆಬಾವಿಗೆ ನೀರು ಬರುವುದೋ ಇಲ್ಲವೋ, ಅದಕ್ಕೆ ಇನ್ನೂ ಕೆಲವು ಮಳೆಗಾಲಗಳು ಬೇಕು.

ಸಂಸಾರವಂದಿಗರಾದ ವಾಚಕರಿಗೆ ನನ್ನ ವಿಜ್ಞಾಪನೆಯಿಷ್ಟೆ. ರಜ ಬಂದಾಗ ಒಮ್ಮೆ ಮಕ್ಕಳು ಮೊಮ್ಮಕ್ಕಳೊಡನೆ ಬಯಲಿಗೆ ಹೋಗಿ ಬಿಡಾರ ಮಾಡಿ. ಸಾಮಾನು ಕಡಿಮೆಯಿರಲಿ, ಔಷಧಿ ಎರಡು ಕಡೆಯಿರಲಿ. ಗುಡಾರವನ್ನು ಎತ್ತರದಲ್ಲಿ, ಮರದಿಂದ ದೂರದಲ್ಲಿ ಹೂಡಿ. ಜಾಗದ ವಿಷಯದಲ್ಲಿ ಆ ನೆಲದವರ ಮಾತನ್ನು ಕೇಳಿ. ಮನೆಯೊಳಗೆ ಹಿರಿಯನ ಕುರ್ಚಿ, ಹಿರಿಯನ ಮಣೆ ಎಂದು ಗೊತ್ತಾಗಿರುತ್ತದೆ. ಬಯಲಿನಲ್ಲಿ ಅವು ಇರುವುದಿಲ್ಲ. ಅಲ್ಲಿ ಯಾರಿಗೆ ಯಾವುದು ಗೊತ್ತೋ ಅವರೇ ಅದಕ್ಕೆ ಹಿರಿಯರು. ಎಂಟು ವರ್ಷದ ಮಗುವೂ ಹಿರಿಯಳಾಗಬಹುದು.

ತುಂಬಿದ ಜಲಾಶಯವು ಹೆಚ್ಚಾದುದನ್ನು ಕೆಳಗಿನ ಹೊಲಗಳಿಗೆ ಬಿಟ್ಟುಕೊಡುತ್ತದೆ. ಹಾಗೆಂದು ತನ್ನನ್ನು ಬರಿದು ಮಾಡಿಕೊಳ್ಳುವುದೂ ಇಲ್ಲ. ಅರುವತ್ತು ವರ್ಷ ತುಂಬಿದವನು ಮಾಡಬೇಕಾದುದೂ ಅಷ್ಟೇ ಎಂದು ನನಗೆ ತೋರುತ್ತದೆ. ಅದಕ್ಕೆ ಮೊದಲು ಒಳಗಿನ ಗಾಳಿ ಹೋಗಬೇಕು. ನನ್ನ ಗಾಳಿಯನ್ನು ತೆಗೆಯಲು ಒಂದು ರಾತ್ರಿಯ ಮಳೆ ಬೇಕಾಯಿತು. ವಾಚಕರಿಗೆ ಅಷ್ಟು ಬೇಕಾಗದಿರಲಿ.